ಶಾಲೆಗಾಗಿ ಕೆಲೆಬೋನ್ಯೆ ಎದ್ದು ನಿಂತದ್ದು

ಊರ ಶಾಲೆ ಮುಚ್ಚಿ, ಮಕ್ಕಳನ್ನು ಆರು ಕಿಲೋಮೀಟರ್ ಆಚೆಯ ದೊಡ್ಡ ಶಾಲೆಗೆ ನಡೆಸುವುದೆಂದು ಸರ್ಕಾರ ಯೋಚಿಸಿತ್ತು. ಊರಿನ ಒಪ್ಪಿಗೆ ಕೇಳಲು ಅಧಿಕಾರಿ ಬರುವುದು ಬುಧವಾರ. ಶಾಲೆಯಲ್ಲಿ ಅಡುಗೆ ಮಾಡುವ ಕೆಲೆಬೋನ್ಯೆ ಅವತ್ತು ಮಾತಾಡಿಯೇ ತೀರುತ್ತೇನೆಂದು ಹಟ ಹಿಡಿದಳು. ಅವಳ ಮಗಳು ಒರಾಟಿಲೆಗೆ ಇನ್ನೂ ಆರು ವರ್ಷ.

ನಲ್ಲಿಯ ಹತ್ತಿರವಾದರೆ ಅವಳ ಬಾಯಿಗೆ ಹೆದರದವರಿಲ್ಲ. ಊರಸಭೆಯ ಮಾತೇ ಬೇರೆ. ಕಳೆದ ಸಲ ಕುರ್ಚಿಯ ಮೇಲಿನ ಗಂಡಸರೆದುರು ಎದ್ದು, "ಕ್ಗೋಸಿ" ಎಂದು ಊರ ಮುಖ್ಯಸ್ಥರನ್ನು ಕರೆದದ್ದಷ್ಟೇ. ಮುಂದೆ ಮಾತು ಹೊರಡದೆ ಕೂತುಬಿಟ್ಟಿದ್ದಳು. ಆ ಗಂಡಸರು ನಕ್ಕ ನಗು ನೆನೆದರೆ ಈಗಲೂ ಮೈ ಉರಿಯುತ್ತಿತ್ತು.

ಸೋದರಮಾವ ತ್ಶೇಕೊ ನಲವತ್ತು ವರ್ಷ ಆ ಸಭೆಯಲ್ಲೇ ಮಾತಾಡಿ ಪಳಗಿದ ಮುದುಕ. ದಿನಾ ಸಂಜೆ ಅವನ ದನದ ಹಟ್ಟಿಗೆ ಹೋದಳು. ಆ ಪುಣ್ಯಾತ್ಮ ಒಂದು ಮಾತೂ ಕಲಿಸಲಿಲ್ಲ. ತಾನೇ ಆ ಅಧಿಕಾರಿ ಎಂಬಂತೆ ನಟಿಸಿ ಗಂಟೆಗಟ್ಟಲೆ ಕೊರೆಯುತ್ತಿದ್ದ; ಅಷ್ಟನ್ನೂ ಅವಳು ತಿರುಗಿ ಒಪ್ಪಿಸಬೇಕು, ಆಮೇಲಷ್ಟೇ ಅವಳ ಉತ್ತರ.

"ಮಾತು ಕಲಿಸು ಅಂದ್ರೆ ನನ್ನ ಕಿವಿ ತೊಳೀತಾ ಕೂತಿದ್ದೀಯಲ್ಲ ಮಾವ."

"ನೀನು ಬೈಯೋಕೆ ಹೊರಟಿದ್ದೀಯ. ಬೈಸ್ಕೊಂಡೋನು ಒಪ್ತಾನಾ? ಹೂಂ, ಮೊದಲಿಂದ ಒಪ್ಪಿಸು."

ಅಳು ಬರುವಷ್ಟು ರೇಗಿತು. ಆದರೂ ಒಂದು ಸಂಜೆಯನ್ನೂ ತಪ್ಪಿಸಲಿಲ್ಲ.

ಬುಧವಾರ ತಲೆಗೆ ಬಟ್ಟೆ ಕಟ್ಟಿ, ಶಾಲು ಹೊದ್ದು, ಹೆಂಗಸರ ಚಾಪೆಯ ಮೇಲೆ ಕೂತಳು. ಬೆಳಿಗ್ಗೆ ಏಳಕ್ಕೆ ಬರಬೇಕಾದ ಅಧಿಕಾರಿ ಬಂದದ್ದು ಒಂಬತ್ತಕ್ಕೆ.

"ಕ್ಷಮಿಸಬೇಕು. ಆ ದೊಡ್ಡ ಶಾಲೆ ದಾಟಿ ಈಚೆಗೆ ಬಂದ್ರೆ ದಾರೀಲಿ ಆನೆ. ನಾಲ್ಕು ಜನಾನೂ ಕಾರಿನ ಗಾಜು ಏರಿಸ್ಕೊಂಡು ಕೂತಿದ್ವಿ" ಎಂದು ಶುರುಮಾಡಿದವನು ಅದೇ ಶಾಲೆಯ ಗುಣಗಾನಕ್ಕೆ ಇಳಿದ. ಕಂಪ್ಯೂಟರಂತೆ, ಹೊಸ ಬೆಂಚಂತೆ, ಮಕ್ಕಳಿಗೆ ನಡಿಗೆ ಒಳ್ಳೆಯದಂತೆ. ಅಬ್ಬಬ್ಬಾ, ಬೆಣ್ಣೆಯಂಥ ಮಾತು. ಗಂಡಸರು ಆಗಲೇ ತಲೆದೂಗತೊಡಗಿದ್ದರು.

ಕೆಲೆಬೋನ್ಯೆ ಎದ್ದಳು. ಬೈಯಲೆಂದು ತಾನೇ ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ಅಲ್ಲೇ ಬಿಟ್ಟಳು.

"ಕ್ಗೋಸಿ, ಸಾಹೇಬ್ರು ಹೇಳಿದ್ದನ್ನೇ ಹೇಳ್ತೀನಿ, ತಪ್ಪಿದ್ರೆ ಅವರೇ ತಿದ್ದಲಿ. ಅಲ್ಲಿ ಕಂಪ್ಯೂಟರ್ ಇದೆ. ಬೆಂಚಿದೆ. ದಾರಿ ಆರೇ ಕಿಲೋಮೀಟರು. ಸರಿನಾ ಸಾಹೇಬ್ರೇ?"

ಅಧಿಕಾರಿ ಖುಷಿಯಾಗಿ ತಲೆಯಾಡಿಸಿದ.

"ಅದೇ ದಾರೀಲಿ ಇವತ್ತು ಆನೆ ನಿಂತಿತ್ತು. ನಾಲ್ಕು ಜನ ದೊಡ್ಡೋರು ಗಾಜು ಏರಿಸ್ಕೊಂಡು ಕಾದ್ರು. ಅದೂ ಸರಿನಾ?"

ಅವನು ತಲೆಯಾಡಿಸುವುದನ್ನು ಅರ್ಧಕ್ಕೇ ನಿಲ್ಲಿಸಿದ.

"ನನ್ನ ಒರಾಟಿಲೆ ಏನು ಏರಿಸ್ಕೊಳ್ಳಬೇಕು, ಅದೊಂದು ಹೇಳಿ."

ಅವಳು ಕೂತಳು. ಯಾರೂ ನಗಲಿಲ್ಲ. ಅವಳ ನಂತರ ಮಾತಾಡಲು ಯಾರೂ ಏಳಲೂ ಇಲ್ಲ. ಅಲ್ಲಿ ಕೊನೆಯ ಮಾತು ಮುಖ್ಯಸ್ಥರದು. ಅವರು ಆಡಿದ್ದೇ ಊರಿನ ಮಾತು.

"ಈ ಊರು ಒಪ್ಪಿಲ್ಲ. ಬರ್ಕೊಳ್ಳಿ" ಎಂದರು ಅವರು.

ಅಧಿಕಾರಿ ಬರೆದ. ಆಮೇಲೆ ಚಾಪೆಯ ಕಡೆ ತಿರುಗಿ, "ಅಮ್ಮಾ, ಮಗಳ ಹೆಸರು ಇನ್ನೊಂದು ಸಲ ಹೇಳಿ. ಅದನ್ನೂ ಬರೀಬೇಕು" ಎಂದ.

ಕೆಲೆಬೋನ್ಯೆಗೆ ಅಳು ಒತ್ತಿಕೊಂಡು ಬಂತು. ಪಕ್ಕದಲ್ಲಿದ್ದವಳು ಆ ಹೆಸರು ಹೇಳಿದಳು. ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಎದ್ದು ತಂತಮ್ಮ ಮಕ್ಕಳ ಹೆಸರನ್ನೂ ಬರೆಸಿದರು.