ಬೆನ್ನಿನ ಅಚ್ಚು

ಬಾಗಿಲಿಗೆ ಎರಡು ಸಲ ಬಡಿದ ಸದ್ದು ಕೇಳಿದ್ದೇ ಅಕ್ಕ ಮಗನ ಬೆನ್ನಿನ ಅಚ್ಚಿನ ಮೇಲೆ ಹಳೆಯ ಚಾದರ ಎಳೆದಳು. ಅಚ್ಚು ಇನ್ನೂ ಬೆಚ್ಚಗಿತ್ತು. ಎರಡು ಸಲ ಬಡಿದು, ಒಳಗಿನವರ ಮಾತಿಗೆ ಕಾಯದೆ ಬಾಗಿಲು ತಳ್ಳುವವನು ಈ ಕಾರ್ಖಾನೆಯಲ್ಲಿ ಒಬ್ಬನೇ, ಅವಳ ತಮ್ಮ. ಊಟವಾದ ಮೇಲೆ ಬರುತ್ತೇನೆ ಎಂದಿದ್ದವನು ಬೆಳಿಗ್ಗೆಯೇ ಬಂದುಬಿಟ್ಟಿದ್ದ. ದ್ರಾವಣದ ವಾಸನೆ ಹೋಗಲು ಕಿಟಕಿ ತೆರೆದಿಡಬೇಕಿತ್ತು ಎಂದು ಅವಳಿಗೆ ಆಗ ಹೊಳೆಯಿತು.

"ಸೊಂಟ ಹಿಡ್ಕೊಂಡಿದೆ ಕಣಕ್ಕ," ಎನ್ನುತ್ತ ಅವನು ಕತ್ತರಿ, ಟೇಪು, ಸ್ಪಂಜಿನ ತುಂಡುಗಳ ನಡುವೆ ಮೇಜಿನ ಮೇಲೇ ಕುಳಿತ. "ಎಡಗಡೆ ಒಂದು ತುಂಡು ಸ್ಪಂಜು ಹಾಕ್ಕೊಡು. ಹೋದ ರೇಸಲ್ಲಿ ಜೀವ ಹೋಗಿ ಬಂತು."

"ಹಾಕೋಣ. ಮೊದಲು ಮೇಜಿಂದ ಇಳಿ. ಕತ್ತರಿ ಮೇಲೆ ಕೂತ್ರೆ ಸೊಂಟಕ್ಕಲ್ಲ, ಬೇರೆ ಕಡೆಗೆ ಸ್ಪಂಜು ಬೇಕಾಗತ್ತೆ."

ಅವನು ನಕ್ಕ. ಅವಳೂ ನಕ್ಕಳು. ಆದರೆ ಸೋಮವಾರದಿಂದ ಒಂದು ಮಾತು ಬಾಯಲ್ಲಿ ಬಿಸಿತುಪ್ಪದ ಹಾಗೆ ಕುಳಿತಿತ್ತು. ನುಂಗಲೂ ಆಗದು, ಉಗುಳಲೂ ಆಗದು.

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹಿರಿಯನಾದ ಗೇಟಿನ ಕಾವಲುಗಾರ ಕೂಡ. ರೇಸ್ ಕಾರು ಓಡಿಸುವವರಿಗೆ ಸೀಟು ಮಾಡುವುದು ಅವಳ ಕೆಲಸ. ಅಂಗಡಿಯಿಂದ ತಂದು ಕೂರಿಸುವ ಸೀಟಲ್ಲ ಅದು. ಕಾರಿನ ಖಾಲಿ ಒಡಲಿನಲ್ಲಿ ಚಾಲಕನನ್ನು ಕೂರಿಸಿ, ಬೆನ್ನ ಹಿಂದೆ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು, ಅದರೊಳಗೆ ಎರಡು ದ್ರಾವಣ ಕಲಸಿ ಹುಯ್ಯಬೇಕು. ಅದು ನೊರೆಯಾಗಿ ಉಬ್ಬಿ, ಬೆನ್ನು ಸೊಂಟಗಳ ಸಂದುಗೊಂದಿಗೆಲ್ಲ ನುಗ್ಗಿ, ನೋಡನೋಡುತ್ತ ಗಟ್ಟಿಯಾಗುತ್ತದೆ. ಆ ಅಚ್ಚನ್ನು ನೋಡಿಯೇ ಮುಂದೆ ನಿಜವಾದ ಸೀಟು ಆಗುವುದು. ನೊರೆ ಉಬ್ಬುವಾಗ ಒಬ್ಬರು ಹಿಂದೆ ನಿಂತು ಚಾಲಕನ ಎರಡೂ ಹೆಗಲನ್ನು ಒತ್ತಿ ಹಿಡಿದಿರಬೇಕು. ಇಲ್ಲದಿದ್ದರೆ ನೊರೆ ಮನುಷ್ಯನನ್ನೇ ಎತ್ತಿಬಿಡುತ್ತದೆ. ಸೀನೋ ನಗುವೋ ಬಂದು ಅವನು ಒಂದಿಷ್ಟು ಅಲುಗಾಡಿದರೂ ಅಷ್ಟೂ ಅಚ್ಚಿನಲ್ಲಿ ಉಳಿಯುತ್ತದೆ.

ಈ ಕೆಲಸ ಅವಳಿಗೆ ಸಿಕ್ಕಿದ್ದು ತಮ್ಮನಿಂದ. ಅವ್ವ ಬೇಗ ಹೋಗಿಬಿಟ್ಟಿದ್ದಳು. ಅಕ್ಕ ಒಂದು ಗ್ಯಾರೇಜಿನ ಮೂಲೆಯಲ್ಲಿ ಕಾರುಗಳಿಗೆ ಸೀಟು ಕವರು ಹೊಲಿದು ಅವನನ್ನು ಸಾಕಿದಳು, ಅವನ ರೇಸಿನ ಹುಚ್ಚನ್ನೂ ಸಾಕಿದಳು. ಅವನು ದೊಡ್ಡ ತಂಡ ಸೇರಿದ ದಿನ, "ನನ್ನ ಸೀಟು ನಮ್ಮಕ್ಕನೇ ಮಾಡಬೇಕು, ಇಲ್ಲಾಂದ್ರೆ ನಾನು ಕೂರಲ್ಲ," ಎಂದು ಹಟ ಹಿಡಿದ. ಆಮೇಲೆ ಅವಳ ಗಂಡ ತೀರಿಕೊಂಡಾಗ ಅವಳ ಮಗನಿಗೆ ತಂದೆಯ ಜಾಗದಲ್ಲಿ ನಿಂತವನೂ ಇವನೇ. ಪುಟ್ಟ ಕಾರಿನಲ್ಲಿ ಕೂರಿಸಿ ತಿರುವು ಕಲಿಸಿದ. ಆ ಪುಟ್ಟ ಕಾರು ಮಗುಚಿ ಹುಡುಗನ ಬಲ ಹೆಗಲಿನ ಮೂಳೆ ಮುರಿದ ದಿನ, ಅವನನ್ನು ಎತ್ತಿಕೊಂಡು ಆಸ್ಪತ್ರೆಯವರೆಗೂ ಓಡಿದ. ಕಾರು ಓಡಿಸುವವನು ಕಾರನ್ನೇ ಮರೆತು ಕಾಲಲ್ಲಿ ಓಡಿದ ಎಂದು ಮನೆಯಲ್ಲಿ ಇಂದಿಗೂ ಆ ಕಥೆ ಹೇಳಿ ನಗುತ್ತಾರೆ.

ಈಗ ನಗುವಂಥದ್ದು ಏನೂ ಉಳಿದಿರಲಿಲ್ಲ. ಹಿಂದಿನ ರೇಸಿನಲ್ಲಿ, ತಂಡದ ಇನ್ನೊಂದು ಕಾರಿನವನನ್ನು ಮುಂದೆ ಬಿಡು ಎಂದು ತಂಡದ ಮುಖ್ಯಸ್ಥ ರೇಡಿಯೋದಲ್ಲಿ ಹೇಳಿದ್ದ. ತಮ್ಮ ಬಿಡಲಿಲ್ಲ. ಇಬ್ಬರ ಕಾರುಗಳೂ ತಾಗಿಕೊಂಡು ಇಬ್ಬರೂ ರೇಸಿನಿಂದ ಹೊರಬಿದ್ದರು. ಅಷ್ಟಕ್ಕೆ ಸುಮ್ಮನಿದ್ದರೆ ಹೇಗೋ ಮುಚ್ಚಿಹೋಗುತ್ತಿತ್ತು. ಇವನು ಮೈಕುಗಳ ಮುಂದೆ ನಿಂತು, "ನಮ್ಮ ದೊರೆಗೆ ಗಡಿಯಾರ ನೋಡಕ್ಕೆ ಬರತ್ತೆ, ರಸ್ತೆ ನೋಡಕ್ಕೆ ಬರಲ್ಲ," ಎಂದ. ದೊರೆ ಎನ್ನುವುದು ಕಾರ್ಖಾನೆಯವರು ಮುಖ್ಯಸ್ಥನಿಗೆ ಬೆನ್ನ ಹಿಂದೆ ಇಟ್ಟ ಹೆಸರು. ಅದು ಆ ರಾತ್ರಿ ಲೋಕಕ್ಕೆಲ್ಲ ಗೊತ್ತಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಟಿವಿಯಲ್ಲಿ ಒಂದೇ ಪ್ರಶ್ನೆ: ಮುಂದಿನ ವರ್ಷ ಆ ಕಾರಿನಲ್ಲಿ ಕೂರುವವರು ಯಾರು?

ಸೋಮವಾರ ದೊರೆ ಅಕ್ಕನನ್ನು ಕರೆಸಿ ಉತ್ತರ ಹೇಳಿದ್ದ. "ನಿಮ್ಮ ಮಗ. ಶುಕ್ರವಾರ ಪ್ರಕಟ ಮಾಡ್ತೀವಿ. ಅದಕ್ಕಿಂತ ಮುಂಚೆ ನಿಮ್ಮ ತಮ್ಮನಿಗೆ ಗೊತ್ತಾದ್ರೆ ಅವರು ಕೋರ್ಟಿಗೆ ಹೋಗ್ತಾರೆ. ಹೋದ್ರೆ ಈ ಸೀಟು ತಂಡಕ್ಕೆ ದುಡ್ಡು ಹಾಕೋ ಆ ಸಾಹುಕಾರರ ಮಗನಿಗೆ ಹೋಗತ್ತೆ, ಅವನ ಅಪ್ಪ ಹೊರಗೆ ಕಾದು ಕೂತಿದಾರೆ. ನಿಮ್ಮ ಹುಡುಗನ ಹೆಸರು ಮತ್ತೆ ಯಾರೂ ಎತ್ತಲ್ಲ. ಯೋಚನೆ ಮಾಡಿ." ಯೋಚನೆ ಮಾಡಿ ಎಂದವನು ಯೋಚನೆ ಮಾಡಲು ಏನನ್ನೂ ಉಳಿಸಿರಲಿಲ್ಲ. ಇವತ್ತು ಗುರುವಾರ. ಬೆಳಕು ಹರಿಯುತ್ತಲೇ ಮಗ ಟೋಪಿ ಮುಖಕ್ಕೆಳೆದು ಹಿಂದಿನ ಗೇಟಿನಿಂದ ಬಂದು, ಅಚ್ಚು ಕೊಟ್ಟು ಹೋಗಿದ್ದ.

ತಮ್ಮ ಮೇಜಿನಿಂದ ಇಳಿದು ಮೂಗು ಅರಳಿಸಿದ. "ಯಾರಿಗೆ ಹುಯ್ದೆ?"

"ಯಾರಿಗೂ ಇಲ್ಲ. ಹೊಸ ದ್ರಾವಣ ಬಂದಿತ್ತು, ಹೇಗಿದೆ ಅಂತ ನೋಡ್ದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಕ್ಕನ ಕೈ ತಾನಾಗಿಯೇ ಚಾದರದ ಅಂಚು ಸರಿಮಾಡಲು ಹೋಯಿತು. ಅವಳು ಅದನ್ನು ಅರ್ಧದಲ್ಲಿ ಹಿಂದಕ್ಕೆಳೆದು ಸ್ಪಂಜು ಕತ್ತರಿಸಲು ಕುಳಿತಳು. ಕತ್ತರಿ ನೆಟ್ಟಗೆ ಹೋಗಲಿಲ್ಲ.

"ಅಕ್ಕ, ನನ್ನ ಹತ್ರ ಯಾಕೆ ಮುಚ್ಚಿಡ್ತೀಯ? ಯಾರು ಬರ್ತಾರೆ ಯಾರು ಹೋಗ್ತಾರೆ ಅಂತ ಈ ರೂಮಿಗೆ ಮೊದಲು ಗೊತ್ತಾಗೋದು." ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ನಾನು ಸೊಂಟಕ್ಕೆ ಅಂತ ಬಂದಿಲ್ಲ. ಲಾಯರು ಎಲ್ಲ ಬರೆದಿಟ್ಕೊಂಡಿದಾರೆ. ನನ್ನ ಕರಾರು ಇರುವಾಗಲೇ ಇನ್ನೊಬ್ಬನನ್ನ ಒಳಗೆ ತಂದಿದಾರೆ ಅನ್ನೋಕೆ ಒಂದು ಹೆಸರು ಬೇಕಂತೆ. ಹೆಸರು ಸಿಕ್ಕಿದ್ರೆ ಇವತ್ತು ಕೋರ್ಟು ಮುಚ್ಚೋದ್ರೊಳಗೆ ತಡೆ ತರ್ತಾರಂತೆ. ಮಧ್ಯಾಹ್ನ ಅವರೇ ಫೋನ್ ಮಾಡ್ತಾರೆ. ಸಾಹುಕಾರರ ಮಗ ತಾನೆ? ನೀನು ಬಾಯಿ ಬಿಡಬೇಡ. ಹೂಂ ಅನ್ನು, ಸಾಕು."

ಹೂಂ ಎಂದುಬಿಟ್ಟರೆ? ಅವನು ಆ ಹೆಸರು ಹಿಡಿದು ಕೋರ್ಟಿಗೆ ಓಡುತ್ತಾನೆ. ಅಲ್ಲಿ ಅದು ಸುಳ್ಳಾಗುತ್ತದೆ, ಅಷ್ಟರಲ್ಲಿ ಶುಕ್ರವಾರ ಬಂದಿರುತ್ತದೆ. ಒಂದೇ ಒಂದು ಹೂಂ. ಅಕ್ಕನಿಗೆ ಆ ಲೆಕ್ಕ ಇಷ್ಟು ಬೇಗ ಹೊಳೆಯಿತಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಆಗ ಮೇಜಿನ ಮೇಲೆ ಅವಳ ಫೋನು ಹೊಡೆದುಕೊಂಡಿತು. ತೆರೆಯ ಮೇಲೆ ಮಗನ ಫೋಟೋ ಕಾಣಿಸಿತು.

"ಎತ್ತು, ನನ್ನ ಅಳಿಯ," ಎಂದ ತಮ್ಮ.

"ಆಮೇಲೆ ಮಾಡ್ತೀನಿ."

"ನನ್ನ ಫೋನೂ ಎತ್ತಲ್ಲ ಅವನು. ಸೋಮವಾರದಿಂದ ನಾನೂ ಮಾಡ್ತಾನೇ ಇದೀನಿ..." ಎಂದವನು ಅಲ್ಲಿಗೆ ನಿಲ್ಲಿಸಿದ. ಫೋನು ಸುಮ್ಮನಾಯಿತು. ಅವನು ಅಕ್ಕನ ಮುಖ ನೋಡಿದ, ಚಾದರ ನೋಡಿದ. ಮೆಲ್ಲಗೆ ಹೋಗಿ ಅದನ್ನು ಸರಿಸಿದ.

ಅವಳು ತಡೆಯಲಿಲ್ಲ. ಅವನು ಬಗ್ಗಿ ಅಚ್ಚಿನ ಮೇಲೆ ಅಂಗೈ ಇಟ್ಟು ಸೊಂಟದಿಂದ ಮೇಲಕ್ಕೆ ಸವರುತ್ತ ಹೋದ. ಬಲ ಹೆಗಲಿನ ಹತ್ತಿರ ಒಂದು ಸಣ್ಣ ಗುಳಿ ಇತ್ತು, ಮುರಿದು ಕೂಡಿದ ಮೂಳೆಯ ಗಂಟು ಒತ್ತಿ ಆದದ್ದು. ಅವನ ಬೆರಳು ಅಲ್ಲಿ ನಿಂತಿತು.

"ಯಾವಾಗ ಗೊತ್ತಾಯ್ತು ನಿನಗೆ?"

"ಸೋಮವಾರ."

"ಸೋಮವಾರ ರಾತ್ರಿ ನಮ್ಮನೇಲಿ ಊಟ ಮಾಡ್ದೆ."

"ಮಾಡ್ದೆ."

"ಬಡಿಸಿದ್ದು ನಾನು. ಇನ್ನೊಂಚೂರು ಹಾಕ್ಕೋ ಅಕ್ಕ, ಹಾಕ್ಕೋ ಅಕ್ಕ ಅಂತ."

ಅವನು ಕೂಗಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನು ಜೇಬಿನಿಂದ ಫೋನು ತೆಗೆದ. "ಈಗ ಹೆಸರು ಸಿಕ್ತು. ಮಧ್ಯಾಹ್ನದವರೆಗೂ ಯಾಕೆ ಕಾಯ್ಲಿ? ಹೇಳು, ಮಾಡ್ಲಾ?"

"ಮಾಡು," ಎಂದಳು ಅಕ್ಕ. ಕಣ್ಣೀರು ಗಲ್ಲಕ್ಕೆ ಇಳಿದಿತ್ತು. "ಮಾಡಬೇಡ ಅನ್ನೋ ಬಾಯಿ ನನಗಿಲ್ಲ. ಮಾಡು ಅನ್ನೋದಕ್ಕೂ ಹೊಟ್ಟೆ ಉರಿಯತ್ತೆ. ಅವನು ಬೇಡ ಅಂದಿದ್ದ ಕಣೋ. ಮಾಮನ ಸೀಟು ನನಗೆ ಬೇಡ ಅಂತ ಅತ್ತ. ನೀನು ಬೇಡ ಅಂದ್ರೂ ಅದು ಮಾಮನಿಗೆ ಉಳಿಯಲ್ಲ ಅಂತ ನಾನೇ ಒಪ್ಪಿಸ್ದೆ. ಬೈಯೋದಾದ್ರೆ ನನ್ನ ಬೈ."

ಅವನು ಒಂದು ಕೈಯಲ್ಲಿ ಫೋನು ಹಿಡಿದೇ ನಿಂತಿದ್ದ. ಇನ್ನೊಂದು ಕೈ ಮಾತ್ರ ಅಭ್ಯಾಸಬಲದಿಂದ ಅಚ್ಚಿನ ಮೇಲೆ ಓಡಾಡುತ್ತಲೇ ಇತ್ತು. ಇದ್ದಕ್ಕಿದ್ದಂತೆ ಅವನ ಹುಬ್ಬು ಗಂಟಾಯಿತು. ಅವನು ಮೊಣಕಾಲೂರಿ ಕುಳಿತು ಅಚ್ಚನ್ನು ಪಕ್ಕದಿಂದ ನೋಡಿದ, ಕೆಳಗಿನಿಂದ ನೋಡಿದ.

"ಇದೇನಕ್ಕ ಇದು?"

"ಏನು?"

"ಬೆನ್ನು ನೋಡು, ಗೂನಾಗಿದೆ. ಹೆಗಲು ಮೇಲೆದ್ದಿದೆ. ಸೊಂಟ ಮುಂದಕ್ಕೆ ಜಾರಿದೆ. ಇವನು ಕೂತಿಲ್ಲ, ಅವಿತುಕೊಂಡಿದಾನೆ." ಅವನ ದನಿ ಈಗ ಏರಿತು, ಇಷ್ಟು ಹೊತ್ತೂ ಏರದ ದನಿ. "ಹೀಗೆ ಕೂತು ಆ ಕಾರು ಓಡಿಸಿದ್ರೆ ಕುತ್ತಿಗೆ ಏನಾಗತ್ತೆ ಗೊತ್ತಾ ನಿನಗೆ? ಗೋಡೆಗೆ ಹೊಡೆದ್ರೆ ಬೆನ್ನುಮೂಳೆ ಪುಡಿಪುಡಿ! ನೀನು ಹೆಗಲು ಹಿಡೀಲಿಲ್ವಾ?"

ತಮ್ಮನಿಗೆ ಪ್ರತಿ ವರ್ಷ ನೊರೆ ಹುಯ್ಯುವಾಗ ಅವಳು ತನ್ನ ಭಾರವೆಲ್ಲ ಬಿಟ್ಟು ಅವನ ಹೆಗಲು ಒತ್ತುತ್ತಿದ್ದಳು. ಅಕ್ಕಾ, ನಾನು ಸತ್ತೆ ಎಂದು ಅವನು ಕಿರುಚುತ್ತಿದ್ದ. ಇವತ್ತು ಬೆಳಿಗ್ಗೆ ಅವಳು ಹುಯ್ದಳು, ಅಷ್ಟೇ. ಹಿಂದೆ ಗೋಡೆಗೆ ಒರಗಿ ನಿಂತುಬಿಟ್ಟಳು. ಎದುರಿನ ಗೋಡೆಯ ಮೇಲೆ ತಮ್ಮನ ಹಳೆಯ ಅಚ್ಚುಗಳು ಸಾಲಾಗಿ ತೂಗುತ್ತಿದ್ದವು. ಮಗ ಕುಳಿತಿದ್ದು ಅವುಗಳಿಗೆ ಮುಖ ಮಾಡಿ. ನೊರೆ ಉಬ್ಬುತ್ತಿದ್ದಂತೆ ಅವನು ಕುಗ್ಗುತ್ತಿದ್ದುದು ಅವಳಿಗೆ ಕಂಡಿತ್ತು. ಕಂಡೂ ಕೈ ಮುಂದೆ ಹೋಗಿರಲಿಲ್ಲ.

"ಹಿಡಿಯಕ್ಕೆ ಆಗ್ಲಿಲ್ಲ ಕಣೋ," ಎಂದಳು.

ಅವನು ಎದ್ದು ಗೋಡೆಯ ಕಡೆ ನೋಡಿದ. ತೂಗುತ್ತಿದ್ದ ಅವನ ಅಚ್ಚುಗಳಲ್ಲಿ ಮೊದಲನೆಯದು ಈಗಿನ ಅವನ ಬೆನ್ನಿಗಿಂತ ಸಣಕಲು.

"ಇದನ್ನ ಕಳಿಸಿದ್ರೆ ಸೀಟು ಹೀಗೇ ಆಗಿ ಬರತ್ತೆ," ಎಂದ. "ನಾನು ಮುಂದೆ ಏನ್ ಮಾಡ್ತೀನೋ ನನಗೇ ಗೊತ್ತಿಲ್ಲ. ಮೊದಲು ಅವನನ್ನ ಕರಿ."

"ಈಗಲಾ?"

"ಚೀಲ ಇನ್ನೊಂದು ಇದೆಯಾ? ದ್ರಾವಣ?"

"ಇದೆ."

"ಹಾಗಿದ್ರೆ ಕರಿ."

ಮಗ ದೂರ ಹೋಗಿರಲಿಲ್ಲ. ರಸ್ತೆಯ ತಿರುವಿನಲ್ಲಿ ಸ್ಕೂಟರು ನಿಲ್ಲಿಸಿಕೊಂಡು ಅಮ್ಮನಿಗೆ ಫೋನು ಮಾಡುತ್ತ ಕುಳಿತಿದ್ದನಂತೆ. ಅವನು ಬಾಗಿಲು ತೆರೆದು, ಒಳಗೆ ಮಾಮ ನಿಂತಿದ್ದನ್ನು ನೋಡಿ, ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತ ಹೊಸ್ತಿಲಲ್ಲೇ ಉಳಿದ.

"ಮಾಮ, ನಾನು..."

"ಮಾತು ಆಮೇಲೆ. ಕೂತ್ಕೋ."

"ಮಾಮ, ನನಗೆ ಇದು..."

"ಕೂತ್ಕೋ ಅಂದ್ನಲ್ಲ. ಸೊಂಟ ಪೂರ್ತಿ ಹಿಂದಕ್ಕೆ. ಗೋಡೆ ನೋಡಬೇಡ, ಕೈ ನೋಡು. ಕೈಯಲ್ಲಿ ಸ್ಟೀರಿಂಗ್ ಇದೆ ಅಂದ್ಕೋ."

ಹುಡುಗ ಕಾರಿನ ಒಡಲಿಗೆ ಇಳಿದು ಕುಳಿತ. ಅಕ್ಕ ಹೊಸ ಚೀಲ ಅವನ ಬೆನ್ನ ಹಿಂದೆ ಇಟ್ಟು ಮಡಿಕೆ ಬಿಡಿಸಿದಳು. ದ್ರಾವಣ ಕಲಸಿದಳು. ತಮ್ಮ ತನ್ನ ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲಿಟ್ಟು, ಅಂಗಿಯ ತೋಳು ಮಡಚಿ, ಅಳಿಯನ ಹಿಂದೆ ಹೋಗಿ ನಿಂತ. ಎರಡೂ ಅಂಗೈಗಳನ್ನು ಅವನ ಎರಡು ಹೆಗಲ ಮೇಲಿಟ್ಟ. ಬಲಗಡೆ ಒಂದಿಷ್ಟು ಮೆಲ್ಲಗೆ.

"ಹುಯ್ಯಿ, ಅಕ್ಕ."

ಅವಳು ಹುಯ್ದಳು. ಚೀಲದೊಳಗೆ ನೊರೆ ಸಣ್ಣಗೆ ಸದ್ದು ಮಾಡುತ್ತ ಏಳತೊಡಗಿತು. ಸೊಂಟ ತುಂಬಿತು, ಬೆನ್ನಿನ ಕಡೆ ಬಂತು. ಅವನು ಭಾರ ಬಿಟ್ಟು ಒತ್ತಿದ. ಹುಡುಗನ ಬೆನ್ನು ನೆಟ್ಟಗಾಯಿತು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಹಾಗಿರಲಿಲ್ಲ.

"ಅಲುಗಾಡಬೇಡ," ಎಂದ ಮಾಮ.

ಆಗ ಮೇಜಿನ ಮೇಲೆ ಫೋನು ಹೊಡೆದುಕೊಳ್ಳತೊಡಗಿತು. ಲಾಯರು, ಹೇಳಿದ್ದ ಹೊತ್ತಿಗಿಂತ ಮುಂಚೆಯೇ. ಹೆಸರು ತೆರೆಯ ಮೇಲೆ ಮೂವರಿಗೂ ಕಾಣುವಂತೆ ಹೊಳೆಯಿತು. ಅದು ತಮ್ಮನ ಕೈಗೆ ಎಟಕುವಷ್ಟು ಹತ್ತಿರವಿತ್ತು. ಒಂದು ಹೆಗಲು ಬಿಟ್ಟು ಕೈ ಚಾಚಿದರೆ ಸಾಕು. ಅಕ್ಕ ಚೀಲದ ಬಾಯಿ ಹಿಡಿದುಕೊಂಡು ತಮ್ಮನ ಕೈಗಳನ್ನೇ ನೋಡುತ್ತಿದ್ದಳು. ನೊರೆ ಹೆಗಲಿನವರೆಗೆ ಏರಿತ್ತು.

ಫೋನು ನಡುಗುತ್ತ ನಡುಗುತ್ತ ಮೇಜಿನ ಅಂಚಿಗೆ ಸರಿದು, ಕತ್ತರಿಗೆ ತಾಗಿ ನಿಂತಿತು. ಸುಮ್ಮನಾಯಿತು. ಮತ್ತೆ ಹೊಡೆದುಕೊಂಡಿತು. ಮತ್ತೆ ಸುಮ್ಮನಾಯಿತು.

ಅಕ್ಕ ಬೆರಳಿನಿಂದ ನೊರೆಯನ್ನು ಒತ್ತಿ ನೋಡಿದಳು. ಗಟ್ಟಿಯಾಗಿತ್ತು. "ಆಯ್ತು ಕಣೋ, ಬಿಡು," ಎಂದಳು.

ಅವನು ಕೈ ತೆಗೆಯದೆ ಹಾಗೆಯೇ ನಿಂತಿದ್ದ.