ಕಾಶಿನಾಥನ ಮೋಟಾರು

ನನ್ನ ತಮ್ಮ ಕಾಶಿನಾಥ ಲಿಂಗೈಕ್ಯನಾಗಿ ಐದು ತಿಂಗಳಾದವು. ಅವನ ಗದ್ದುಗೆ ಮಂಜೀರಾ ಹಿನ್ನೀರಿನ ಆಚೆ ದಂಡೆಯಲ್ಲಿ, ನಮ್ಮ ಹಿರಿಯರ ಹೊಲದಲ್ಲಿದೆ. ಮನೆ ಈಚೆ ದಂಡೆಯಲ್ಲಿ. ರಸ್ತೆ ಹಿಡಿದರೆ ನಾರಾಯಣಖೇಡ ಸುತ್ತಿ ನಲವತ್ತು ಮೈಲಿ. ದೋಣಿಯಲ್ಲಿ ಇಪ್ಪತ್ತು ನಿಮಿಷ.

ದೋಣಿ ಕಾಶಿನಾಥನದೇ. ಜಹೀರಾಬಾದಿನ ಒಂದು ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು ಬಂದವನು, ಎಲ್ಲಿಂದಲೋ ಒಂದು ಹಳೆಯ ಮೋಟಾರು ತಂದು ದೋಣಿಯ ಹಿಂಭಾಗಕ್ಕೆ ಕೂರಿಸಿದ. ಒಂದು ಸಿಲಿಂಡರು, ಒಂದು ಪ್ಲಗ್ಗು, ಎಳೆಯಲು ಒಂದು ಹಗ್ಗ, ನೆತ್ತಿಯ ಮೇಲೆ ಪೆಟ್ರೋಲಿನ ಒಂದು ಟಾಕಿ. ಬ್ಯಾಟರಿಯೂ ಇಲ್ಲ. ಪೆಟ್ರೋಲಿನಲ್ಲಿ ಆಯಿಲ್ ಬೆರೆಸಿ ಹಾಕಿದರೆ ಸಾಕು. “ಇದರಾಗ ಕೆಡಾಕ ಏನದ ಅಣ್ಣಾ?” ಎಂದು ನಗುತ್ತಿದ್ದ. ಹನ್ನೊಂದು ವರ್ಷ ಅದು ಕೆಡಲಿಲ್ಲ. ಕೆಟ್ಟದ್ದು ಅವನ ಎದೆ.

ಈಗ ದೋಣಿ ನಡೆಸುವವಳು ಅವನ ಹೆಂಡತಿ ಪ್ರೇಮಲಾ. ಎರಡೂ ದಂಡೆಯ ಜನಕ್ಕೆ ಅದೊಂದೇ ದಾರಿ.

ಮಾಘದಲ್ಲಿ ಸರ್ಕಾರದ ಕಾಗದ ಬಂತು. ಇದು ಕುಡಿಯುವ ನೀರು. ಆಯಿಲ್ ಸುಟ್ಟು ಹೊಗೆ ಬಿಡುವ ಹಳೆಯ ಮೋಟಾರುಗಳನ್ನು ಇನ್ನು ಬಿಡುವುದಿಲ್ಲ. ಪರೀಕ್ಷೆ ಮಾಡುತ್ತಾರೆ. ನಿಲ್ಲದೆ ಓಡುವ ಮೋಟಾರಿಗೆ ಮುಂದಿನ ಯುಗಾದಿಯವರೆಗೆ ಗಡುವು, ಅಷ್ಟರಲ್ಲಿ ಹೊಸದು ತರಬೇಕು. ನಡುನೀರಿನಲ್ಲಿ ನಿಂತುಹೋಗುವಂಥದಕ್ಕೆ ಅಂದೇ ಮೊಹರು, ಮತ್ತೆ ಓಡಿಸುವಂತಿಲ್ಲ.

ಪರೀಕ್ಷೆಯ ದಿನ ನಾನು ಬೆಳಗ್ಗೆಯೇ ಎದ್ದು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ದಂಡೆಗೆ ಹೋದೆ. ಅಮಾವಾಸ್ಯೆಗೊಮ್ಮೆ ಮೋಟಾರಿಗೆ ಮೂರು ಬೆರಳಿನ ವಿಭೂತಿ ಹಚ್ಚುವುದು ಕಾಶಿನಾಥನ ಪದ್ಧತಿ. ಅವನು ಹೋದ ಮೇಲೆ ಅದು ನನ್ನ ಕೆಲಸ. ಅಂದು ಅಮಾವಾಸ್ಯೆಯಲ್ಲ, ಆದರೂ ಮನಸ್ಸು ತಡೆಯಲಿಲ್ಲ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ಕಲಸಿ ಕವಚಕ್ಕೆ ಹಚ್ಚಿದೆ, ಹಿಡಿಕೆಗೆ ಹಚ್ಚಿದೆ, ಟಾಕಿಯ ಮುಚ್ಚಳಕ್ಕೂ ದಪ್ಪಗೆ ಬಳಿದೆ. ತಮ್ಮನ ಹಣೆಗೆ ಕೊನೆಯ ಸಲ ಹಚ್ಚಿದವನೂ ನಾನೇ.

ಒಂಬತ್ತಕ್ಕೆ ಜೀಪು ಬಂತು. ಇಳಿದವನು ಸಂಕೇತ ಎಂಬ ಅಧಿಕಾರಿ, ಮೂವತ್ತರೊಳಗಿನವನು, ಕೈಯಲ್ಲಿ ಫಾರಂ, ಹೆಗಲಚೀಲದಲ್ಲಿ ತಂತಿ ಮತ್ತು ಸೀಸದ ಮೊಹರು. ಬದನೆಕಾಯಿ ಬುಟ್ಟಿ ಹೊತ್ತ ಮರೆಮ್ಮ ಮೊದಲೇ ದೋಣಿ ಹತ್ತಿ ಕೂತಿದ್ದಳು.

“ನೀ ಯಾಕ ಬರ್ತಿ ಅಮ್ಮಾ? ಇದು ಪರೀಕ್ಷಾ ಅದ.”

“ನಾ ಫೇಲಾದ್ರೂ ನಡೀತದ ಸಾಹೇಬ್ರ, ನನ್ನ ಬದನಿಕಾಯಿ ಪಾಸ್ ಆಗ್ಬೇಕು,” ಎಂದಳು ಮರೆಮ್ಮ.

ಪ್ರೇಮಲಾ ಹಗ್ಗ ಎಳೆದಳು. ಒಂದೇ ಎಳೆತಕ್ಕೆ ಮೋಟಾರು ಹಿಡಿಯಿತು. ನೀಲಿ ಹೊಗೆ ನೀರಿನ ಮೇಲೆ ಹರಡಿತು. ಸಂಕೇತ ಗಡಿಯಾರ ನೋಡಿ ಬರೆದುಕೊಂಡ.

ಮುಕ್ಕಾಲು ದಾರಿ ಸರಿಯಾಗಿಯೇ ಹೋದೆವು. ಅಲ್ಲಿ ಮೋಟಾರು ಏದುಸಿರು ಬಿಟ್ಟಂತೆ ಮಾಡಿ ನಿಂತಿತು. ಪ್ರೇಮಲಾ ಎಳೆದಳು, ಹಿಡಿಯಿತು, ಮತ್ತೆ ನಿಂತಿತು. ಸುತ್ತ ಬರೀ ನೀರು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಆಗದ್ದು ಅಂದೇ ಆಯಿತು. ಸಂಕೇತ ಫಾರಂ ಮೇಲೆ ಒಂದು ಗೆರೆ ಎಳೆದ.

ಪ್ರೇಮಲಾ ಹುಟ್ಟು ಹಾಕಿ ಆಚೆ ದಂಡೆ ಮುಟ್ಟಿಸಿದಳು. ಮರೆಮ್ಮ ಬುಟ್ಟಿ ಇಳಿಸಿದಳೇ ಹೊರತು ಹೋಗಲಿಲ್ಲ.

ಪ್ರೇಮಲಾ ಪ್ಲಗ್ಗು ಬಿಚ್ಚಿ ನೋಡಿದಳು, ಒಣಗಿತ್ತು. ಪೆಟ್ರೋಲು ಇಳಿಯುತ್ತಿಲ್ಲ ಎಂದು ಟಾಕಿಯ ಮುಚ್ಚಳ ತಿರುಗಿಸಿದಳು. ‘ಸುಸ್’ ಎಂದು ಗಾಳಿ ಒಳಗೆ ನುಗ್ಗಿತು. ಅವಳು ಮುಚ್ಚಳವನ್ನು ಬೆಳಕಿಗೆ ಹಿಡಿದು ನನ್ನ ಮುಖ ನೋಡಿದಳು.

“ಭಾವಾರ, ಇದರ ಮ್ಯಾಲ ಒಂದು ಸಣ್ಣ ತೂತ ಅದ. ಟಾಕಿಯೊಳಗ ಗಾಳಿ ಹೋಗಾಕ. ಅದು ಮುಚ್ಚಿದ್ರ ಪೆಟ್ರೋಲ್ ಕೆಳಗ ಇಳಿಯಾಂಗಿಲ್ಲ.” ಆಮೇಲೆ ದನಿ ತಗ್ಗಿಸಿ ಹೇಳಿದಳು, “ವಿಭೂತಿ ತುಂಬೇದ.”

ನಾನು ದೋಣಿಯ ಅಂಚಿನಲ್ಲಿ ಕೂತೆ. ದೇವರ ಹೆಸರಿನಲ್ಲಿ ತಮ್ಮನ ಮೋಟಾರಿನ ಉಸಿರು ಕಟ್ಟಿಸಿದವನು ನಾನೇ. ಪ್ರೇಮಲಾ ಸೀರೆಯ ಪಿನ್ನಿನಿಂದ ತೂತನ್ನು ಬಿಡಿಸಿ, ಬಾಯಿಯಿಂದ ಊದಿ, ಮುಚ್ಚಳ ಹಾಕಿದಳು.

ಸಂಕೇತ ತಂತಿ ಹೊರತೆಗೆದ. “ಅಜ್ಜಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಂತದ್ದು ನಿಂತದ. ಕಾರಣ ಬರಿಲಾಕ ಫಾರಂನಾಗ ಜಾಗಾ ಇಲ್ಲ.”

“ಜಾಗಾ ಮಾಡ್ರಿ. ಬಂಡೆಪ್ಪ ಅನ್ನೋ ಮುದುಕ ವಿಭೂತಿ ಬಡದು ಕೆಡಿಸ್ಯಾನ ಅಂತ ಬರೀರಿ. ತಪ್ಪು ನಂದು. ಮೋಟಾರಿಂದು ಅಲ್ಲ.”

“ನಿಯಮ ಅದ ಅಜ್ಜಾರ.”

ನನ್ನ ತಮ್ಮನನ್ನು ಶಿವ ಕರೆದುಕೊಂಡ. ಶಿವನೊಡನೆ ನಾನು ವಾದ ಮಾಡಲಿಲ್ಲ. ತಮ್ಮ ಹೋದ ದಿನ ಮಾತು ಬಾಯಿಗೆ ಬಂದರೂ ನುಂಗಿದೆ. ಆದರೆ ಸೀಸದ ತುಂಡಿನ ಮುಂದೆಯೂ ನುಂಗುತ್ತಾ ಕೂರಲು ನನ್ನಿಂದಾಗಲಿಲ್ಲ. ಹುಟ್ಟನ್ನು ಎತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡೆ.

“ಹಚ್ರಿ ಮೊಹರು,” ಎಂದೆ. “ಇಲ್ಲೇ, ಈಗೇ ಹಚ್ರಿ. ನಿಮ್ಮ ಜೀಪ್ ಎಲ್ಲದ?”

ಅವನು ತಿರುಗಿ ನೀರಿನಾಚೆ ನೋಡಿದ. ಜೀಪು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು.

“ಹುಟ್ಟು ಹಾಕ್ಕೊಂಡು ಹೋದ್ರಾತು.”

“ಹುಟ್ಟು ನಂದು. ಕೊಡಾಂಗಿಲ್ಲ.”

“ನಡಕೋತ ಹೋಗ್ರಿ ಸಾಹೇಬ್ರ, ನಾಳಿ ಮಧ್ಯಾಹ್ನಕ್ಕ ಮುಟ್ತೀರಿ,” ಎಂದಳು ಮರೆಮ್ಮ. “ಹಾದ್ಯಾಗ ಹಸಿವಾದ್ರ ಬದನಿಕಾಯಿ ಕೊಡ್ತೀನಿ.”

ಸಂಕೇತನಿಗೆ ಸಿಟ್ಟು ಬಂದಿತ್ತು. “ಇದು ದಬ್ಬಾಳಿಕಿ ಆತು. ಈ ನೀರ ಎಷ್ಟ ಮಂದಿ ಕುಡೀತಾರ ಗೊತ್ತದೇನ್ರಿ ನಿಮಗ? ನೋಡ್ರಿ ಅಲ್ಲಿ.”

ಅವನು ತೋರಿಸಿದ ಕಡೆ, ಮೋಟಾರಿನ ಕೆಳಗೆ ನೀರಿನ ಮೇಲೆ ಬಣ್ಣಬಣ್ಣದ ಆಯಿಲ್ ಪೊರೆ ತೇಲುತ್ತಿತ್ತು. ಅದೇ ನೀರನ್ನು ನಾನು ದಿನವೂ ಲಿಂಗಕ್ಕೆ ಎರೆಯುತ್ತೇನೆ.

“ಹೊಗಿ ಮಾತು ಖರೆ ಅದ,” ಎಂದೆ. “ಅದಕ್ಕ ನಾ ಜಗಳ ಮಾಡಾಂಗಿಲ್ಲ. ಮುಂದಿನ ಯುಗಾದಿಗೆ ಇದನ್ನ ನಾನೇ ಇಳಿಸ್ತೀನಿ, ಅವನ ಗದ್ದಗಿ ಮ್ಯಾಲ ಆಣಿ. ಆದ್ರ ನನ್ನ ತಮ್ಮನ ಮೋಟಾರು ನಂಬಿಗಸ್ತ ಅಲ್ಲ ಅಂತ ಬರದ್ರ, ಈ ದೋಣಿಯಿಂದ ನಾ ಏಳಾಂಗಿಲ್ಲ. ನೀವು ತಿರುಗಿ ಹೋಗೂದು ನೀರ ಮ್ಯಾಲೇ ಹೋಗ್ಬೇಕು. ಅದೇ ಪರೀಕ್ಷಾ ಅಂತ ತಿಳೀರಿ. ನಡುವ ನಿಂತ್ರ ಅಲ್ಲೇ ಮೊಹರು ಹಚ್ರಿ, ಹುಟ್ಟು ನಾನೇ ಹಾಕ್ತೀನಿ.”

ಅವನು ಫಾರಂ ತಿರುಗಿಸಿ ನೋಡಿದ, ಮತ್ತೆ ನೀರಿನಾಚೆಯ ಜೀಪು ನೋಡಿದ. ಬಿಸಿಲೇರುತ್ತಿತ್ತು. ಕೊನೆಗೆ ತಂತಿಯನ್ನು ಚೀಲಕ್ಕೆ ಹಾಕಿ, ಪ್ಯಾಂಟು ಮೇಲೆತ್ತಿ ದೋಣಿಗೆ ಕಾಲಿಟ್ಟ. ಅವನ ಹಿಂದೆಯೇ ಮರೆಮ್ಮನೂ ಹತ್ತಿ ಕೂತಳು.

“ಚಾಲೂ ಮಾಡ್ರಿ ಅಕ್ಕಾ,” ಎಂದ.

ಪ್ರೇಮಲಾ ಹಗ್ಗ ಎಳೆದಳು. ಸಂಕೇತ ಮತ್ತೆ ಗಡಿಯಾರ ನೋಡಿದ. ಮುಂಚೆ ನಿಂತಿದ್ದ ಜಾಗ ಬಂದಾಗ ನಾನು ಕಣ್ಣು ಮುಚ್ಚಿ ಕೊರಳಿನ ಲಿಂಗವನ್ನು ಹಿಡಿದುಕೊಂಡೆ. ಮೋಟಾರಿನ ಸದ್ದು ಒಂದೇ ಸಮ ಕೇಳುತ್ತಿತ್ತು. ಕಣ್ಣು ತೆರೆದಾಗ ಜೀಪಿನ ಚಕ್ರಗಳು ಕಾಣುತ್ತಿದ್ದವು.

“ಹತ್ತೊಂಬತ್ತು ನಿಮಿಷ,” ಎಂದು ಸಂಕೇತ ಎದ್ದು ನಿಂತ. ಮೊದಲು ಎಳೆದಿದ್ದ ಗೆರೆಯ ಪಕ್ಕದಲ್ಲಿ, ಅಂಚಿನ ಖಾಲಿ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ ಏನೋ ಬರೆದು ಸಹಿ ಹಾಕಿ ಪ್ರೇಮಲಾಳ ಕೈಗೆ ಕೊಟ್ಟ. ಅವಳು ಓದಿದಳು: ಮುಚ್ಚಳದ ತೂತು ಕಟ್ಟಿದ್ದರಿಂದ ಒಮ್ಮೆ ನಿಂತಿತು, ಬಿಡಿಸಿದ ಮೇಲೆ ನಿಲ್ಲದೆ ಓಡಿದೆ, ಯುಗಾದಿಯವರೆಗೆ ಗಡುವು.

“ಯುಗಾದಿ ಮರುದಿನ ನಾ ಬರ್ತೀನಿ ಅಜ್ಜಾರ.”

“ಬರ್ರಿ. ಹೊಸ ಮೋಟಾರ್ ಮ್ಯಾಲ ಕೂಡಿಸ್ಕೊಂಡು ಹೋಗಿ ಗದ್ದಗಿ ತೋರಿಸ್ತೀನಿ.”

“ಹೊಸಾದನ್ನೂ ನಾ ಬಿಚ್ಚಿ ನೋಡಾಕಿನೇ,” ಎಂದಳು ಪ್ರೇಮಲಾ.

ಜೀಪು ಹೋಯಿತು. ಮರೆಮ್ಮ ಆಗ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅವಳ ಬುಟ್ಟಿ ಆಚೆ ದಂಡೆಯಲ್ಲೇ ಉಳಿದಿತ್ತು. ಪ್ರೇಮಲಾ ಮತ್ತೆ ದೋಣಿ ತಿರುಗಿಸಿದಳು. ನಾನು ಹೆಗಲ ಮೇಲಿನ ವಸ್ತ್ರದ ತುದಿಯನ್ನು ನೀರಿನಲ್ಲಿ ಅದ್ದಿ, ಮುಚ್ಚಳದ ಮೇಲಿನ ವಿಭೂತಿಯನ್ನು ಪೂರ್ತಿ ಒರೆಸಿದೆ. ಕವಚದ ಮೇಲಿನ ಮೂರು ಗೆರೆಗಳನ್ನು ಹಾಗೆಯೇ ಬಿಟ್ಟೆ.