ಗಡಿಯಂಗಡಿಯಲ್ಲಿ ಜರ್ಮನ್ ಪಾಠ

ಡೆನ್ಮಾರ್ಕಿನ ಗಡಿಸೀಮೆ ದಕ್ಷಿಣ ಯೂಲೆಂಡಿನ ಮಕ್ಕಳಿಗೆ ತೋವೆ ರೀಸೇಯರ್ ಮೂವತ್ತೊಂದು ವರ್ಷ ಜರ್ಮನ್ ವ್ಯಾಕರಣವನ್ನು ಕಷಾಯದಂತೆ ಕುಡಿಸಿದ್ದಳು. ಈಗ ಹೊಸ ಪಠ್ಯಕ್ರಮ ಬಂದಿತ್ತು: ಬಾಯಿಪಾಠ ಬೇಡ, ಸಂಭಾಷಣೆ ಬೇಕು. ಒಂಬತ್ತನೆಯ ತರಗತಿಯ ಹನ್ನೆರಡು ಮಕ್ಕಳೂ ನಿಜವಾದ ಜರ್ಮನರೊಡನೆ ಜರ್ಮನ್ ಮಾತಾಡಿ ತೋರಿಸಬೇಕು. ತಪ್ಪಿದರೆ ಆಗಸ್ಟಿನಿಂದ ಆ ಶಾಲೆಯಲ್ಲಿ ಜರ್ಮನ್ ಪಾಠವೇ ಇಲ್ಲ. ತೋವೆ ಮರಗೆಲಸ ಕಲಿಸಬೇಕು. ಆಕೆಗೆ ಮೊಳೆ ಹೊಡೆಯಲೂ ಬರುತ್ತಿರಲಿಲ್ಲ.

ನಗರಸಭೆಯ ಸಲಹೆಗಾರ ಯಾನಿಕ್ ಪರೀಕ್ಷಕನಾಗಿ ಬಂದ. ತೋವೆ ಎಲ್ಲರನ್ನೂ ಬಸ್ಸಿಗೇರಿಸಿ, ಗಡಿಯಾಚೆ ಜರ್ಮನಿಯ ಮೊದಲ ಅಂಗಡಿಯೆದುರು ಇಳಿಸಿದಳು. ಅಗ್ಗದ ಬಿಯರಿಗೂ ಮಿಠಾಯಿಗೂ ಡೇನರೆಲ್ಲ ಮುಗಿಬೀಳುವ ಅಂಗಡಿಯದು. ತೋವೆಯೂ ತಿಂಗಳಿಗೊಮ್ಮೆ ಬರುತ್ತಿದ್ದಳು. ತಾನು ಅಲ್ಲಿ ಒಮ್ಮೆಯೂ ಜರ್ಮನ್ ಆಡಿಲ್ಲವೆಂಬುದು ಮಾತ್ರ ಆಕೆಗೆ ಹೊಳೆದಿರಲಿಲ್ಲ.

ಲೀವ್ ಎಂಬ ಹುಡುಗಿ ಗಲ್ಲಾದವಳ ಮುಂದೆ ನಿಂತು, ಮಿಠಾಯಿ ಎಲ್ಲಿದೆಯೆಂದು ಜರ್ಮನ್ನಿನಲ್ಲಿ ಕೇಳಿದಳು.

"ಎರಡನೇ ಸಾಲು ಕಣೇ. ಚೀಲ ಬೇಕಾ?" ಉತ್ತರ ಅಚ್ಚ ಡೇನಿಶ್‌ನಲ್ಲಿ ಬಂತು.

ಹನ್ನೆರಡು ಮಂದಿಗೂ ಅದೇ ಗತಿಯಾಯಿತು.

"ತೋವೆ, ಇವ್ರು ನಮಗಿಂತ ಚೆನ್ನಾಗಿ ಡೇನಿಶ್ ಆಡ್ತಾರಲ್ಲೇ!" ಎಂದಳು ಲೀವ್; ಡೆನ್ಮಾರ್ಕಿನಲ್ಲಿ ಶಿಕ್ಷಕರನ್ನೂ ಹೆಸರು ಹಿಡಿದೇ ಕರೆಯುವ ರೂಢಿ. "ಸುತ್ತಿಗೆ ಇಲ್ಲೇ ತಗೊಂಡ್ಬಿಡು, ಅಗ್ಗ."

"ಕಂಡಿದ್ದನ್ನ ಬರೀಲೇಬೇಕಪ್ಪ, ನಾನೇನ್ಮಾಡ್ಲಿ?" ಎನ್ನುತ್ತ ಯಾನಿಕ್ ಹನ್ನೆರಡು ಸೊನ್ನೆ ಸುತ್ತಿ, ಮೂರು ಪೆಟ್ಟಿಗೆ ಬಿಯರನ್ನು ತಳ್ಳುಗಾಡಿಯಲ್ಲಿ ಹೊರಗೆ ತಳ್ಳಿಕೊಂಡು ಹೋದ.

ಖಾಲಿ ಡಬ್ಬಿ ಹಿಂತಿರುಗಿಸಿದರೆ ಮರಳಿ ಸಿಗುವ ಠೇವಣಿಯನ್ನು ಕಟ್ಟದೆ ಬಿಯರ್ ಒಯ್ಯುವ ಡೇನರು, ಗಡಿ ದಾಟುವ ಮುನ್ನ ಕುಡಿಯುವುದಿಲ್ಲವೆಂದು ಸಹಿ ಹಾಕಬೇಕು; ತಪ್ಪಿದರೆ ದಂಡ. ಯಾನಿಕನೂ ಹಾಕಿದ್ದ. ಆದರೆ ಬಿಸಿಲು ಜೋರಾಗಿತ್ತು. ಬಸ್ಸಿನ ಪಕ್ಕದಲ್ಲೇ ಡಬ್ಬಿಯೊಂದು ಬುಸ್ಸೆಂದಿತು. ಅದರ ಹಿಂದೆಯೇ ಮೀಸೆ ಹೊತ್ತ ಜರ್ಮನ್ ತಪಾಸಣಾಧಿಕಾರಿಯೊಬ್ಬ ಪ್ರತ್ಯಕ್ಷನಾದ. ಅವನಿಗೆ ಡೇನಿಶ್ ಬಾರದು. ಯಾನಿಕನ ಇಂಗ್ಲಿಷಿಗೆ ಅವನು ಕಿವಿಗೊಡಲಿಲ್ಲ. ಯಾನಿಕನಿಗೆ ಜರ್ಮನ್ ಬಾರದು.

"ತೋವೆ, ಏನಾದ್ರೂ ಹೇಳೇ!"

ತೋವೆ ತುಟಿ ತೆರೆದವಳು, ಏನೋ ಯೋಚಿಸಿ, ಲೀವ್‌ಳನ್ನು ಮುಂದೆ ತಳ್ಳಿದಳು.

"ಸಾಹೇಬ್ರೇ, ಬಿಟ್ಬಿಡಿ," ಎಂದಳು ಲೀವ್ ಜರ್ಮನ್ನಿನಲ್ಲಿ. "ಇವ್ರು ದಡ್ಡರಲ್ಲ, ಸಲಹೆಗಾರ್ರು."

"ಎರಡೂ ಆಗ್ಬಾರ್ದು ಅಂತ ಎಲ್ಲೂ ಬರೆದಿಲ್ಲವಲ್ಲಮ್ಮ," ಎಂದ ಅಧಿಕಾರಿ.

ಹತ್ತು ನಿಮಿಷ ವಾದ ನಡೆಯಿತು. ಲೀವ್ ಹತ್ತೊಂಬತ್ತು ತಪ್ಪು ಮಾಡಿದಳು. ತೋವೆ ಪ್ರತಿಯೊಂದನ್ನೂ ಎಣಿಸಿ, ತಿದ್ದಲು ತುಡಿಯುತ್ತಿದ್ದ ನಾಲಿಗೆಯನ್ನು ಕಚ್ಚಿಹಿಡಿದು ನಿಂತಳು. ಮೂವತ್ತೊಂದು ವರ್ಷದಲ್ಲಿ ಅಷ್ಟು ಕಷ್ಟದ ಕೆಲಸ ಆಕೆ ಮಾಡಿರಲಿಲ್ಲ. ಕೊನೆಗೆ ಅಧಿಕಾರಿ ನಕ್ಕು, ತೆರೆದ ಡಬ್ಬಿಯ ಬಿಯರನ್ನು ನೆಲಕ್ಕೆ ಸುರಿದು, ದಂಡ ಹಾಕದೆ ಹೊರಟ.

ಯಾನಿಕ್ ಬೆವರೊರೆಸಿಕೊಂಡು ಪಟ್ಟಿ ತೆಗೆದ. "ಸರಿ, ಲೀವ್ ಪಾಸು. ಆದ್ರೆ ಮಿಕ್ಕವರು..."

"ಇನ್ನೂ ಹನ್ನೊಂದು ಜನ ಇದ್ದಾರೆ," ಎಂದಳು ಲೀವ್. "ಆ ಸಾಹೇಬ್ರಿನ್ನೂ ದೂರ ಹೋಗಿಲ್ಲ. ಇನ್ನೊಂದು ಡಬ್ಬಿ ತೆಗೀಲಾ?"

ಯಾನಿಕ್ ಮೀಸೆ ಹೋದ ದಿಕ್ಕನ್ನೊಮ್ಮೆ, ತನ್ನ ಮೂರು ಪೆಟ್ಟಿಗೆಗಳನ್ನೊಮ್ಮೆ ನೋಡಿದ. ಆಮೇಲೆ ಉಳಿದ ಹನ್ನೊಂದು ಸೊನ್ನೆಗಳನ್ನೂ ಒಂದೊಂದಾಗಿ ಹೊಡೆದುಹಾಕಿದ.